ತಕ್ಕಡಿ ಕಲ್ಲಿನ ಮುದ್ರಿ

ಮೊನ್ನೆ ಅಟ್ಟದ ಮ್ಯಾಲಿಂದ ಸಂಡಿಗಿ ಡಬ್ಬಿ ಇಳಸಲಿಕ್ಕೆ ಹೋದಾಗ ಅಜ್ಜಿ ಕಾಲದ ಒಂದು ತೂಕದ ಕಲ್ಲು ಸಿಕ್ತು. ಕಲ್ಲು ಅಂದ್ರ ಕಬ್ಬಿಣದ್ದ. ಸೊಸಿ ಕೈಯಾಗ ಹಿಡದು, "ಇದು ಒಂದು ಕಿಲೋನ ಏನ್ರಿ ಅತ್ತಿ?" ಅಂದ್ಲು.

ಅಲ್ಲವಾ, ಇದು ಸೇರು. 80 ತೊಲಿಗೆ ಒಂದು ಸೇರು, ಅಂದ್ರ ಸುಮಾರು 933 ಗ್ರಾಂ. 1956ರ ಕಾಯ್ದೆ ಬಂದು, 1958ರ ಅಕ್ಟೋಬರದಿಂದ ಹಂತ ಹಂತವಾಗಿ ಕಿಲೋ ಜಾರಿಗೆ ಬಂತು. ಕಿಲೋದ ರೊಕ್ಕ ತಗೊಂಡು ಸೇರಿನ ಕಲ್ಲು ಇಟ್ರ 67 ಗ್ರಾಂ ಬೆಲ್ಲ ಅಂಗಡಿಯಾಗ ಉಳೀತಿತ್ತು! ಅದಕ್ಕ ನಮ್ಮಜ್ಜಿ, "ಕಲ್ಲು ಮಗಚಿ ತೋರಸಪ್ಪಾ" ಅಂತಿದ್ಲು. ತಳದಾಗ ಸೀಸ ತುಂಬಿ, ಅದರ ಮ್ಯಾಲೆ ಇನ್‌ಸ್ಪೆಕ್ಟರು ಸರಕಾರದ ಮುದ್ರಿ ಹೊಡೀತಿದ್ರು. ಅಕ್ಷರ ಬರದಿದ್ರೂ ಅಜ್ಜಿಗೆ ಮುದ್ರಿ ಗುರ್ತ ಸಿಗ್ತಿತ್ತು.

ಈ ಮುದ್ರಿ ಇಂಗ್ಲಿಷರು ತಂದದ್ದಲ್ಲ ಮತ್ತ. ಕೌಟಿಲ್ಯನ ಅರ್ಥಶಾಸ್ತ್ರದಾಗ ಪೌತವಾಧ್ಯಕ್ಷ ಅಂತ ತೂಕ-ಅಳತಿಗೇ ಒಬ್ಬ ಅಧಿಕಾರಿ ಇದ್ದಾನ. ನಾಕು ತಿಂಗಳಿಗೊಮ್ಮೆ ಮುದ್ರಿ ಹಾಕಿಸಬೇಕು, ಹಾಕಿಸದಿದ್ರ ದಂಡ. ಬಟ್ಟು ಕಬ್ಬಿಣದ್ದಿರಬೇಕು, ಇಲ್ಲಾ ನೀರಿಗೆ, ಬಿಸಿಲಿಗೆ ಹೆಚ್ಚುಕಡಿಮಿ ಆಗದಂಥಾ ಕಲ್ಲಿಂದು.

ಈಗ ಪೆಟ್ರೋಲ್ ಪಂಪಿಗೂ ವರ್ಷಕ್ಕೊಮ್ಮೆ ಮುದ್ರಿ. ಸಂಶಯ ಬಂದ್ರ 5 ಲೀಟರಿನ ಮುದ್ರಿ ಇದ್ದ ಮಾಪು ತರಸ್ರಿ, ಕೇಳೋದು ನಮ್ಮ ಹಕ್ಕು. 25 ಮಿಲಿಗಿಂತ ಜಾಸ್ತಿ ಕಡಿಮಿ ಬೀಳಬಾರದು. ನಾ ಒಮ್ಮೆ ಕೇಳಿದಾಗ ಹಿಂದಿನ ಸ್ಕೂಟರಿನವರು ಗೊಣಗಿದ್ರು, ಗೊಣಗಲಿ.

ಆದ್ರ ಅಳತಿ ಸರಿ ಇದ್ದೂ ಮಾಲು ಕೆಟ್ಟಿದ್ರ? ರೇಶನ್ ಸೀಮೆಎಣ್ಣಿ ಅಗ್ಗ, ಅದನ್ನ ಕಲಬೆರಕಿ ಮಾಡ್ತಿದ್ರು. ಗುರ್ತಾಗಲಿ ಅಂತ ಸರಕಾರ ಅದಕ್ಕ ನೀಲಿ ಬಣ್ಣ ಹಾಕ್ತಿತ್ತು. ಫಿಲ್ಟರ್ ಕಾಗದದ ಮ್ಯಾಲೆ ಒಂದು ಹನಿ ಪೆಟ್ರೋಲ್ ಬಿಟ್ರ, ಶುದ್ಧ ಇದ್ರ ಕಲೆ ಉಳಿಯದ ಆರತದ.

ಕೆಜಿಎಫ್‌ನ್ಯಾಗ ಬೆಳದ ಹುಡುಗ ಮಂಜುನಾಥ ಷಣ್ಮುಗಂ, ಇಂಡಿಯನ್ ಆಯಿಲ್‌ನ ಅಧಿಕಾರಿ. ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲಾದಾಗ ಕಲಬೆರಕಿ ಮಾಡ್ತಿದ್ದ ಪಂಪೊಂದನ್ನ ಸೀಲ್ ಮಾಡಿಸಿದ್ದ. ಅದು ಮತ್ತ ಶುರು ಆದ ಮ್ಯಾಲೆ ತಪಾಸಣಿಗೆ ಹೋದಾಗ, 2005ರ ನವೆಂಬರ್ 19ರ ರಾತ್ರಿ, ಗುಂಡು ಹೊಡದು ಕೊಂದ್ರು. ಇಪ್ಪತ್ತೇಳು ವರ್ಷದವ. ಸುದ್ದಿ ಓದಿದ ದಿನ ನನಗ ಅವನ ತಾಯಿದೇ ನೆನಪು, ಒಲಿ ಮ್ಯಾಲಿನ ಸಾರು ಉಕ್ಕಿದ್ದೂ ತಿಳೀಲಿಲ್ಲ. ಕೊಂದವರಿಗೆ ಆಮ್ಯಾಲೆ ಜೀವಾವಧಿ ಶಿಕ್ಷಾ ಆತು.

ಅಜ್ಜಿ ಕಲ್ಲು ಮಗಚಿ ಸೊಸಿಗೆ ತೋರಿಸಿದೆ. ಸೀಸ ಅದ, ಮುದ್ರಿ ಅರ್ಧ ಸವದದ. ತೊಳದು ಉಪ್ಪಿನಕಾಯಿ ಭರಣಿ ಮ್ಯಾಲೆ ಇಟ್ಟೇನಿ.