ಬಾಯಿಪಾಠದ ಸಂವಿಧಾನ: ಅಮೆರಿಕದ ಜಾನ್ಸ್ ದ್ವೀಪದ ಪೌರತ್ವ ಶಾಲೆಗಳು

ಅಮೆರಿಕ ಸಂಯುಕ್ತ ಸಂಸ್ಥಾನದ ಸಂವಿಧಾನವು 1787ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ರಚಿತವಾಯಿತು. 1788ರಲ್ಲಿ ಅಗತ್ಯ ಸಂಖ್ಯೆಯ ರಾಜ್ಯಗಳ ಒಪ್ಪಿಗೆ ಪಡೆದು ಮರುವರ್ಷ ಆಚರಣೆಗೆ ಬಂದಿತು. ಅಧಿಕಾರವನ್ನು ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳಲ್ಲಿ ಹಂಚಿದ್ದು, ಒಕ್ಕೂಟ ಮತ್ತು ರಾಜ್ಯಗಳ ನಡುವೆ ಗಡಿ ಗುರುತಿಸಿದ್ದು, 1791ರ ಮೊದಲ ಹತ್ತು ತಿದ್ದುಪಡಿಗಳ ಮೂಲಕ ವಾಕ್ಕು, ಧರ್ಮ, ಸಭೆ ಸೇರುವಿಕೆ ಮೊದಲಾದ ಸ್ವಾತಂತ್ರ್ಯಗಳಿಗೆ ರಕ್ಷಣೆ ನೀಡಿದ್ದು ಇವೆಲ್ಲ ರಾಜ್ಯಶಾಸ್ತ್ರದ ಪಠ್ಯಗಳಲ್ಲಿ ಸಾಕಷ್ಟು ಚರ್ಚೆಗೊಂಡಿರುವ ಸಂಗತಿಗಳು. ನಮ್ಮ ಪಠ್ಯಗಳು ಅಷ್ಟಾಗಿ ಗಮನಿಸದ ಒಂದು ಮೌನ ಆ ದಾಖಲೆಯ ಮೊದಲ ವಿಧಿಯಲ್ಲಿಯೇ ಇದೆ. ಜನರ ಹೆಸರಿನಲ್ಲಿ ಆರಂಭವಾಗುವ ಸಂವಿಧಾನವು ಆ ಜನರಲ್ಲಿ ಮತ ಹಾಕಲು ಅರ್ಹರು ಯಾರೆಂಬುದನ್ನು ತಾನು ಹೇಳುವುದಿಲ್ಲ. ಆಯಾ ರಾಜ್ಯದ ಶಾಸನಸಭೆಗೆ ಮತ ಹಾಕಬಲ್ಲವರೇ ಒಕ್ಕೂಟದ ಪ್ರತಿನಿಧಿ ಸಭೆಗೂ ಮತ ಹಾಕಲಿ ಎಂದು ಹೇಳಿ ಆ ಪ್ರಶ್ನೆಯನ್ನು ರಾಜ್ಯಗಳಿಗೆ ಬಿಟ್ಟುಬಿಡುತ್ತದೆ. ಅಮೆರಿಕದ ಪೌರನ ಹಕ್ಕುಬಾಧ್ಯತೆಗಳ ಚರಿತ್ರೆಯ ಬಹುಭಾಗ ಹೀಗೆ ಬಿಟ್ಟುಹೋದ ಜಾಗದಲ್ಲಿ ನಡೆದಿದೆ.

ಈ ಚರಿತ್ರೆಯನ್ನು ಸಾಮಾನ್ಯವಾಗಿ ತಿದ್ದುಪಡಿಗಳ ಹಾಗೂ ತೀರ್ಪುಗಳ ಸರಣಿಯಾಗಿ ಬರೆಯಲಾಗುತ್ತದೆ. ಬರೆದಿಟ್ಟ ಸಂವಿಧಾನವು ಓದಲು ಬಾರದವರ ಬಳಿಗೆ ಹೇಗೆ ತಲುಪಿತು, ತಲುಪಿದ ಮೇಲೆ ಅವರು ಅದನ್ನು ಏನು ಮಾಡಿಕೊಂಡರು ಎಂಬುದು ಬೇರೆ ಬಗೆಯ ಪ್ರಶ್ನೆ. ಅದು ಕಾನೂನಿನ ಪ್ರಶ್ನೆಯಾಗಿರುವಷ್ಟೇ ಜಾನಪದದ ಪ್ರಶ್ನೆಯೂ ಹೌದು. ದಕ್ಷಿಣ ಕೆರೊಲಿನಾ ರಾಜ್ಯದ ಚಾರ್ಲ್ಸ್‌ಟನ್ ನಗರದ ಸಮೀಪದಲ್ಲಿರುವ ಜಾನ್ಸ್ ದ್ವೀಪದಲ್ಲಿ 1950ರ ದಶಕದಲ್ಲಿ ನಡೆದ ಘಟನೆಗಳು ಇದಕ್ಕೆ ಅಪರೂಪದ ಆಕರವನ್ನು ಒದಗಿಸುತ್ತವೆ.

ದಕ್ಷಿಣ ಕೆರೊಲಿನಾದಲ್ಲಿ ಅಕ್ಷರಕ್ಕೂ ಅಧಿಕಾರಕ್ಕೂ ಇರುವ ನಂಟು ಹಳೆಯದು. ಗುಲಾಮರಿಗೆ ಬರೆಯಲು ಕಲಿಸಬಾರದೆಂದು 1740ರಷ್ಟು ಹಿಂದೆಯೇ ಅಲ್ಲಿ ಕಾನೂನು ಇತ್ತು. 1834ರಲ್ಲಿ ಓದು ಕಲಿಸುವುದನ್ನೂ ನಿಷೇಧಿಸಲಾಯಿತು. ಅಂತರ್ಯುದ್ಧದ ಬಳಿಕ 1865ರ ಹದಿಮೂರನೆಯ ತಿದ್ದುಪಡಿ ಗುಲಾಮಗಿರಿಯನ್ನು ಕೊನೆಗೊಳಿಸಿತು, 1868ರ ಹದಿನಾಲ್ಕನೆಯದು ಪೌರತ್ವ ನೀಡಿತು, 1870ರ ಹದಿನೈದನೆಯದು ಜನಾಂಗದ ಕಾರಣಕ್ಕೆ ಮತಾಧಿಕಾರವನ್ನು ನಿರಾಕರಿಸಬಾರದೆಂದು ವಿಧಿಸಿತು. 1868ರಲ್ಲಿ ಚಾರ್ಲ್ಸ್‌ಟನ್‌ನಲ್ಲಿ ಸೇರಿದ ರಾಜ್ಯ ಸಂವಿಧಾನ ಸಭೆಯಲ್ಲಿ ಕಪ್ಪು ಜನಾಂಗದ ಸದಸ್ಯರೇ ಬಹುಮತದಲ್ಲಿದ್ದರು. ಅವರಲ್ಲೊಬ್ಬನಾದ ರಾಬರ್ಟ್ ಸ್ಮಾಲ್ಸ್, 1862ರಲ್ಲಿ ಗುಲಾಮನಾಗಿದ್ದಾಗಲೇ ಚಾರ್ಲ್ಸ್‌ಟನ್ ಬಂದರಿನಿಂದ ಪ್ಲಾಂಟರ್ ಎಂಬ ಹಡಗನ್ನು ಅಪಹರಿಸಿ ಒಕ್ಕೂಟದ ನೌಕಾಪಡೆಗೆ ಒಪ್ಪಿಸಿದ್ದ ಸಾಹಸಿ. ರಾಜ್ಯದ ಮಕ್ಕಳಿಗೆಲ್ಲ ಸಾರ್ವಜನಿಕ ಶಾಲೆ ಬೇಕೆಂಬ ನಿರ್ಣಯವನ್ನು ಆತ ಆ ಸಭೆಯಲ್ಲಿ ಮಂಡಿಸಿದ.

ಇಪ್ಪತ್ತೇಳು ವರ್ಷಗಳ ನಂತರ, 1895ರಲ್ಲಿ, ಇನ್ನೊಂದು ಸಂವಿಧಾನ ಸಭೆ ಸೇರಿತು. ಬೆಂಜಮಿನ್ ಟಿಲ್‌ಮನ್‌ನ ನೇತೃತ್ವದ ಈ ಸಭೆಯಲ್ಲಿ ಕಪ್ಪು ಸದಸ್ಯರು ಕೇವಲ ಆರು ಮಂದಿ, ಸ್ಮಾಲ್ಸ್ ಅವರಲ್ಲೊಬ್ಬ. ಕಪ್ಪು ಜನರ ಮತವನ್ನು ಇಲ್ಲವಾಗಿಸುವುದೇ ಸಭೆಯ ಉದ್ದೇಶವೆಂಬುದನ್ನು ಅದರ ನಾಯಕರು ಮುಚ್ಚಿಡಲಿಲ್ಲ. ಆದರೆ ಹದಿನೈದನೆಯ ತಿದ್ದುಪಡಿ ಅಡ್ಡವಿದ್ದುದರಿಂದ ಜನಾಂಗದ ಹೆಸರನ್ನೆತ್ತುವಂತಿರಲಿಲ್ಲ. ಆದ್ದರಿಂದ ನೋಂದಣಾಧಿಕಾರಿ ತೋರಿಸಿದ ರಾಜ್ಯ ಸಂವಿಧಾನದ ಯಾವುದೇ ಪ್ರಕರಣವನ್ನು ಓದಬಲ್ಲ, ಬರೆಯಬಲ್ಲ ಅಥವಾ 300 ಡಾಲರ್ ಮೌಲ್ಯದ ಆಸ್ತಿಗೆ ತೆರಿಗೆ ಕಟ್ಟಿರುವ ವ್ಯಕ್ತಿಗೆ ಮಾತ್ರ ಮತ ಎಂಬ ನಿಯಮ ಬಂದಿತು. ಸ್ಮಾಲ್ಸ್ ಆ ಸಂವಿಧಾನಕ್ಕೆ ಸಹಿ ಹಾಕಲಿಲ್ಲ.

ಇಲ್ಲಿ ಒಂದು ಸಂಗತಿ ವಿಶೇಷವಾಗಿ ಗಮನಾರ್ಹ. ಪೌರನ ಹಕ್ಕುಗಳನ್ನು ಘೋಷಿಸಬೇಕಾದ ಗ್ರಂಥವೇ ಆ ಹಕ್ಕನ್ನು ತಡೆಯುವ ಪ್ರಶ್ನೆಪತ್ರಿಕೆಯಾಯಿತು. ಬಿಳಿಯನಿಗೆ ಎರಡು ಸಾಲಿನ ಸರಳ ಪ್ರಕರಣ, ಕಪ್ಪು ಮನುಷ್ಯನಿಗೆ ಪುಟಗಟ್ಟಲೆ ಬೆಳೆದ ಕ್ಲಿಷ್ಟ ಪ್ರಕರಣ ಕೊಡುವ ಸ್ವಾತಂತ್ರ್ಯ ಅಧಿಕಾರಿಗಿತ್ತು. ಮಿಸಿಸಿಪಿ ರಾಜ್ಯ 1954ರಲ್ಲಿ ಇದನ್ನು ಇನ್ನೊಂದು ಹೆಜ್ಜೆ ಮುಂದಕ್ಕೊಯ್ದಿತು. ಓದುಬರಹ, ವ್ಯಾಖ್ಯಾನಗಳ ಜೊತೆಗೆ, ಸಾಂವಿಧಾನಿಕ ಸರಕಾರದಲ್ಲಿ ಪೌರನ ಕರ್ತವ್ಯಗಳೇನೆಂಬ ತಿಳಿವಳಿಕೆಯನ್ನೂ ಅರ್ಜಿದಾರ ಬರೆದು ತೋರಿಸಬೇಕಾಗಿತ್ತು. ಉತ್ತರ ಸಮರ್ಪಕವೇ ಅಲ್ಲವೇ ಎಂಬುದನ್ನು ನಿರ್ಣಯಿಸುವವನು ಅದೇ ಅಧಿಕಾರಿ. ಕರ್ತವ್ಯದ ಅರಿವಿಲ್ಲವೆಂದು ಹಕ್ಕನ್ನು ನಿರಾಕರಿಸುವ ಈ ತರ್ಕಕ್ಕೆ ಉತ್ತರ ಹುಡುಕಬೇಕಾದರೆ, ಹಕ್ಕಿಲ್ಲದ ಜನ ತಮ್ಮೊಳಗೆ ಯಾವ ಕರ್ತವ್ಯಗಳನ್ನು ನಡೆಸಿಕೊಂಡು ಬಂದಿದ್ದರೆಂಬುದನ್ನು ನೋಡಬೇಕು.

ಚಾರ್ಲ್ಸ್‌ಟನ್‌ನ ಸುತ್ತಲಿನ ಸಮುದ್ರ ದ್ವೀಪಗಳು ಜಾನಪದ ಸಂಗ್ರಾಹಕರಿಗೆ ಬಹುಕಾಲದಿಂದ ಪರಿಚಿತ. ಪಶ್ಚಿಮ ಆಫ್ರಿಕದಿಂದ ತಂದ ಗುಲಾಮರ ಸಂತತಿಯವರು ಇಲ್ಲಿ ಗಲ್ಲಾ ಎಂಬ ಮಿಶ್ರ ನುಡಿಯನ್ನು ಉಳಿಸಿಕೊಂಡರು. ಗುಲಾಮರ ಹಾಡುಗಳ ಮೊದಲ ದೊಡ್ಡ ಸಂಕಲನ 1867ರಲ್ಲಿ ಪ್ರಕಟವಾದಾಗ ಅದರ ಮುಖ್ಯ ಆಕರಗಳಲ್ಲೊಂದು ಈ ದ್ವೀಪಪ್ರದೇಶವೇ ಆಗಿತ್ತು. ಗಲ್ಲಾ ನುಡಿಯಲ್ಲಿರುವ ಆಫ್ರಿಕನ್ ಅಂಶಗಳನ್ನು ಲೊರೆಂಜೊ ಡೌ ಟರ್ನರ್ 1949ರ ತನ್ನ ಗ್ರಂಥದಲ್ಲಿ ಸ್ಥಾಪಿಸಿದ. ಸಂಗ್ರಾಹಕರು ಹಾಡು, ಕತೆ, ಪದಗಳನ್ನು ಬರೆದುಕೊಂಡು ಹೋದರು. ಅವುಗಳನ್ನು ಹಿಡಿದಿಟ್ಟಿದ್ದ ಸಂಸ್ಥೆಗಳತ್ತ ಅವರ ಗಮನ ಅಷ್ಟು ಹರಿಯಲಿಲ್ಲ. ಜಾನ್ಸ್ ದ್ವೀಪದ ಮೂವಿಂಗ್ ಸ್ಟಾರ್ ಹಾಲ್ ಅಂಥದೊಂದು ಸಂಸ್ಥೆ. 1917ರ ಸುಮಾರಿಗೆ ಕಟ್ಟಿದ ಈ ಪುಟ್ಟ ಮರದ ಕಟ್ಟಡ ಪ್ರಾರ್ಥನಾ ಮಂದಿರವೂ ಹೌದು, ಪರಸ್ಪರ ಸಹಾಯ ಸಂಘವೂ ಹೌದು. ಕಾಯಿಲೆ ಬಿದ್ದವರ ಬಳಿ ಸರದಿಯ ಮೇಲೆ ಕುಳಿತುಕೊಳ್ಳುವುದು, ಸತ್ತವರ ಮಣ್ಣಿನ ಖರ್ಚು ನೋಡಿಕೊಳ್ಳುವುದು ಇಲ್ಲಿನ ಸದಸ್ಯತ್ವದ ಹೊಣೆ. ನೋಂದಣಾಧಿಕಾರಿ ಕೇಳುತ್ತಿದ್ದ ಕರ್ತವ್ಯದ ತಿಳಿವಳಿಕೆ ಇಲ್ಲಿ ಯಾರೂ ಬರೆದು ತೋರಿಸಬೇಕಾಗಿರಲಿಲ್ಲ.

ಈ ದ್ವೀಪಕ್ಕೆ 1916ರಲ್ಲಿ ಹದಿನೆಂಟು ವರ್ಷದ ಸೆಪ್ಟಿಮಾ ಕ್ಲಾರ್ಕ್ ಶಿಕ್ಷಕಿಯಾಗಿ ಬಂದಳು. ಅವಳ ಹುಟ್ಟೂರಾದ ಚಾರ್ಲ್ಸ್‌ಟನ್‌ನ ಸಾರ್ವಜನಿಕ ಶಾಲೆಗಳಲ್ಲಿ ಆಗ ಕಪ್ಪು ಶಿಕ್ಷಕರಿಗೆ ಕೆಲಸವಿರಲಿಲ್ಲ. ದ್ವೀಪದ ಶಾಲೆಯಲ್ಲಿ 132 ಮಕ್ಕಳಿಗೆ ಇಬ್ಬರು ಶಿಕ್ಷಕಿಯರು; ಸನಿಹದಲ್ಲಿದ್ದ ಬಿಳಿಯರ ಶಾಲೆಯಲ್ಲಿ ಮೂರು ಮಕ್ಕಳಿಗೆ ಒಬ್ಬ ಶಿಕ್ಷಕಿ, ಸಂಬಳ ಎರಡು ಪಟ್ಟಿಗೂ ಹೆಚ್ಚು. ಹಗಲು ಮಕ್ಕಳಿಗೆ ಕಲಿಸುತ್ತಿದ್ದ ಅವಳು ಸಂಜೆ ದೊಡ್ಡವರಿಗೂ ಅಕ್ಷರ ಹೇಳಿಕೊಡತೊಡಗಿದಳು. ನಲವತ್ತು ವರ್ಷಗಳ ನಂತರ ಇದೇ ದ್ವೀಪಕ್ಕೆ ಅವಳು ಇನ್ನೊಂದು ಕೆಲಸದ ಮೇಲೆ ಮರಳಬೇಕಾಯಿತು.

ಅಷ್ಟರಲ್ಲಿ ಪರಿಸ್ಥಿತಿ ತುಸು ಬದಲಾಗಿತ್ತು. ದಕ್ಷಿಣ ಕೆರೊಲಿನಾದಲ್ಲಿ ಡೆಮಾಕ್ರಟಿಕ್ ಪಕ್ಷದ ಪ್ರಾಥಮಿಕ ಚುನಾವಣೆಯೇ ನಿಜವಾದ ಚುನಾವಣೆ. ಅದರಲ್ಲಿ ಬಿಳಿಯರಿಗೆ ಮಾತ್ರ ಪ್ರವೇಶ. ಇಂಥ ಪದ್ಧತಿಯನ್ನು ಸುಪ್ರೀಂ ಕೋರ್ಟ್ 1944ರಲ್ಲಿ ಟೆಕ್ಸಾಸ್‌ನ ಪ್ರಕರಣವೊಂದರಲ್ಲಿ ತಳ್ಳಿಹಾಕಿದಾಗ, ರಾಜ್ಯವು ಪ್ರಾಥಮಿಕ ಚುನಾವಣೆಗೆ ಸಂಬಂಧಿಸಿದ ತನ್ನ ಕಾನೂನುಗಳನ್ನೇ ರದ್ದುಪಡಿಸಿ, ಪಕ್ಷವೊಂದು ಖಾಸಗಿ ಕೂಟವೆಂದು ವಾದಿಸಿತು. ಚಾರ್ಲ್ಸ್‌ಟನ್‌ನ ನ್ಯಾಯಾಧೀಶ ವೇಟೀಸ್ ವೇರಿಂಗ್ 1947ರಲ್ಲಿ ಈ ವಾದವನ್ನು ಒಪ್ಪಲಿಲ್ಲ. ಹೀಗೆ ಒಂದು ಬಾಗಿಲು ತೆರೆಯಿತಾದರೂ, 1895ರ ಅಕ್ಷರ ಪರೀಕ್ಷೆ ಹೊಸ್ತಿಲಿನಲ್ಲಿ ಹಾಗೆಯೇ ನಿಂತಿತ್ತು.

ಜಾನ್ಸ್ ದ್ವೀಪದ ಇಸಾವ್ ಜೆಂಕಿನ್ಸ್ ಚಾರ್ಲ್ಸ್‌ಟನ್‌ಗೆ ಕೂಲಿ ಮತ್ತು ಮನೆಗೆಲಸಕ್ಕೆ ಹೋಗುವವರನ್ನು ದಿನವೂ ತನ್ನ ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದ. 1948ರಲ್ಲಿ ಅವನೂ ಸಂಗಡಿಗರೂ ಸೇರಿ ಪ್ರೊಗ್ರೆಸಿವ್ ಕ್ಲಬ್ ಎಂಬ ಸಂಘ ಕಟ್ಟಿದ್ದರು. ಬಸ್ಸಿನ ಪ್ರಯಾಣಿಕರಲ್ಲಿ ಆಲಿಸ್ ವೈನ್ ಎಂಬಾಕೆ ತನಗೂ ಮತ ಹಾಕಬೇಕೆಂಬ ಆಸೆಯಿದೆ, ಆದರೆ ಓದು ಬಾರದು ಎಂದಳು. ಜೆಂಕಿನ್ಸ್ ನೋಂದಣಿಗೆ ಬೇಕಾದ ಕಾನೂನಿನ ಭಾಗಗಳ ಪ್ರತಿಗಳನ್ನು ಬೆರಳಚ್ಚು ಮಾಡಿಸಿ ಪ್ರಯಾಣಿಕರಿಗೆ ಹಂಚಿದ. ದಾರಿಯಲ್ಲಿ ಅದನ್ನು ಓದಿ ವಿವರಿಸಿದ. ಆಲಿಸ್ ವೈನ್ ಅದನ್ನು ಕೇಳಿ ಕೇಳಿಯೇ ಬಾಯಿಪಾಠ ಮಾಡಿಕೊಂಡಳು. ಹೆಸರು ಪಟ್ಟಿಗೆ ಸೇರಿತು.

ಈ ಘಟನೆಯನ್ನು ಚರಿತ್ರೆಕಾರರು ಬಹುಮಟ್ಟಿಗೆ ಜಾಣತನದ ಪ್ರಸಂಗವಾಗಿ ಹೇಳಿ ಮುಂದೆ ಸಾಗುತ್ತಾರೆ. ಅದಕ್ಕಿಂತ ಹೆಚ್ಚಿನದು ಅದರಲ್ಲಿದೆ. ಪುಸ್ತಕವಿಲ್ಲದ ಸಭೆಗಳಲ್ಲಿ ಮುಂದಾಳು ಒಂದು ಸಾಲು ಹೇಳಿಕೊಡುವುದು, ಉಳಿದವರು ಅದನ್ನೆತ್ತಿ ಹಾಡುವುದು ಕಪ್ಪು ಜನರ ಚರ್ಚುಗಳ ಹಳೆಯ ರೂಢಿ. ಬಸ್ಸಿನ ಪಾಠವೂ ಇದೇ ಜಾಡಿನದು. ಓದಿನ ಸಂಸ್ಕೃತಿ ತನ್ನ ರಕ್ಷಣೆಗೆಂದು ಕಟ್ಟಿದ ಗೋಡೆಯನ್ನು ಕೇಳ್ಮೆಯ ಸಂಸ್ಕೃತಿ ತನಗೆ ಗೊತ್ತಿದ್ದ ವಿದ್ಯೆಯಿಂದಲೇ ದಾಟಿತು. ಆದರೆ ಮೌಖಿಕ ಪರಂಪರೆಯನ್ನು ಕೊಂಡಾಡುವ ಉತ್ಸಾಹದಲ್ಲಿ ಮರೆಯಬಾರದ ಇನ್ನೊಂದು ಮಾತಿದೆ. ಬಾಯಿಪಾಠದಿಂದ ಆಲಿಸ್ ವೈನ್‌ಗೆ ತೃಪ್ತಿಯಾಗಲಿಲ್ಲ. ತಾನು ಹೇಳಿದ್ದನ್ನು ತಾನೇ ಓದಬೇಕೆಂದು ಅವಳು ಬಯಸಿದಳು. ನೆನಪು ಅಧಿಕಾರಿಯ ಮೇಜಿನವರೆಗೆ ಕರೆದೊಯ್ದೀತು. ನಾಳೆ ಆತ ಬೇರೆ ಪುಟ ತೆರೆದರೆ ಕೈಕೊಟ್ಟೀತು. ನಿರಕ್ಷರತೆಯಲ್ಲಿ ಯಾವುದೋ ಶುದ್ಧತೆಯನ್ನು ಕಾಣುವ ವಿದ್ವಾಂಸರಿಗಿಂತ ಈ ಕೂಲಿ ಹೆಂಗಸಿನ ತಿಳಿವಳಿಕೆ ಹೆಚ್ಚು ನಿಚ್ಚಳವಾಗಿತ್ತು.

ಟೆನ್ನೆಸ್ಸೀ ರಾಜ್ಯದ ಮಂಟೀಗಲ್‌ನಲ್ಲಿ 1932ರಲ್ಲಿ ಆರಂಭವಾಗಿದ್ದ ಹೈಲ್ಯಾಂಡರ್ ಜನಪದ ಶಾಲೆಗೆ 1954ರಲ್ಲಿ ಸೆಪ್ಟಿಮಾ ಕ್ಲಾರ್ಕ್ ಮತ್ತು ಜೆಂಕಿನ್ಸ್ ಶಿಬಿರಾರ್ಥಿಗಳಾಗಿ ಹೋದರು. ಕಪ್ಪು ಜನರೂ ಬಿಳಿಯರೂ ಒಂದೇ ಮೇಜಿನಲ್ಲಿ ಊಟ ಮಾಡುತ್ತಿದ್ದ, ದಕ್ಷಿಣದಲ್ಲಿ ಅಪರೂಪದ ತಾಣವದು. ದೊಡ್ಡವರಿಗೆ ಓದು ಕಲಿಸುವ ಶಾಲೆ ಬೇಕೆಂಬ ಜೆಂಕಿನ್ಸ್‌ನ ಬೇಡಿಕೆಗೆ ಅಲ್ಲಿ ಬೆಂಬಲ ದೊರೆಯಿತು. 1956ರಲ್ಲಿ ರಾಜ್ಯವು ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ರಾಷ್ಟ್ರೀಯ ಸಂಘಟನೆಯ ಸದಸ್ಯರಿಗೆ ಸರಕಾರಿ ಕೆಲಸ ಕೂಡದೆಂದಾಗ, ಸದಸ್ಯತ್ವ ಬಿಡಲೊಪ್ಪದ ಕ್ಲಾರ್ಕ್ ತನ್ನ ಕೆಲಸವನ್ನೂ ಪಿಂಚಣಿಯನ್ನೂ ಕಳೆದುಕೊಂಡು ಹೈಲ್ಯಾಂಡರ್ ಸೇರಿದಳು. ಪ್ರೊಗ್ರೆಸಿವ್ ಕ್ಲಬ್ ಹಳೆಯ ಶಾಲಾ ಕಟ್ಟಡವೊಂದನ್ನು ಕೊಳ್ಳಲು ಹೈಲ್ಯಾಂಡರ್ 1,500 ಡಾಲರ್ ಸಾಲ ಕೊಟ್ಟಿತು. ಮುಂಭಾಗದಲ್ಲಿ ಸಹಕಾರಿ ಅಂಗಡಿ, ಹಿಂಭಾಗದಲ್ಲಿ ತರಗತಿ. ಬಿಳಿಯರ ಕಣ್ಣಿಗೆ ಅಂಗಡಿ ಮಾತ್ರ ಬೀಳಲಿ ಎಂಬುದು ಲೆಕ್ಕಾಚಾರ.

1957ರ ಜನವರಿ 7ರಂದು, ಹೊಲದ ಕೆಲಸ ಕಡಿಮೆಯಿರುವ ಚಳಿಗಾಲದಲ್ಲಿ, ಹದಿನಾಲ್ಕು ಮಂದಿಯ ಮೊದಲ ತರಗತಿ ಕೂಡಿತು. ಕಲಿಸಲು ಬಂದವಳು ಬರ್ನಿಸ್ ರಾಬಿನ್‌ಸನ್, ಕ್ಲಾರ್ಕ್‌ಳ ಬಂಧು, ತಲೆಗೂದಲು ಸಿಂಗರಿಸುವ ಕಸುಬಿನವಳು. ಶಿಕ್ಷಕ ತರಬೇತಿ ಇಲ್ಲದವಳನ್ನೇ ಬೇಕೆಂದು ಆರಿಸಲಾಗಿತ್ತು. ಹಿಂದಿನ ವಯಸ್ಕರ ತರಗತಿಗಳಲ್ಲಿ ದೊಡ್ಡವರನ್ನು ಮಕ್ಕಳ ಬೆಂಚಿನ ಮೇಲೆ ಕೂರಿಸಿ ಮಕ್ಕಳ ಪುಸ್ತಕ ಓದಿಸಿದ್ದರಿಂದ ಅವರು ನಾಚಿ ಬಿಟ್ಟುಹೋಗಿದ್ದರು. ರಾಬಿನ್‌ಸನ್ ತಾನು ಶಿಕ್ಷಕಿಯಲ್ಲ, ಒಟ್ಟಿಗೆ ಕಲಿಯೋಣವೆಂದು ಹೇಳಿ, ಅವರಿಗೇನು ಬೇಕೆಂದು ಕೇಳಿದಳು. ಹೆಸರು ಬರೆಯಬೇಕು, ಬೈಬಲ್ ಓದಬೇಕು, ದೂರದಲ್ಲಿರುವ ಮಗನ ಕಾಗದ ಓದಬೇಕು, ಅಂಚೆಯಲ್ಲಿ ಸಾಮಾನು ತರಿಸುವ ಅರ್ಜಿ ತುಂಬಬೇಕು ಎಂದರು. ರಟ್ಟಿನ ಮೇಲೆ ಅವರ ಹೆಸರುಗಳನ್ನು ಬರೆದು, ಅದರ ಮೇಲೆ ಕೈಯಾಡಿಸಿ ತಿದ್ದಿಸಿದಳು. ಅರವತ್ತು ದಾಟಿದ ಮುದುಕಿಯೊಬ್ಬಳು ಕರಿಹಲಗೆಯಲ್ಲಿ ತನ್ನ ಹೆಸರನ್ನು ಗುರುತಿಸಿದಳು. ಗೋಡೆಯ ಮೇಲೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯನ್ನು ತೂಗುಹಾಕಲಾಗಿತ್ತು. ಕಲಿಕೆ ಮುಗಿಯುವುದರೊಳಗೆ ಎಲ್ಲರೂ ಅದನ್ನು ಓದಬೇಕೆಂಬುದು ಗುರಿ.

ಶಾಲೆಗಳಿಗೆಂದು ಕ್ಲಾರ್ಕ್ ಸಿದ್ಧಪಡಿಸಿದ ಕೈಪಿಡಿಯಲ್ಲಿ ರಾಜ್ಯದ ಚುನಾವಣಾ ಕಾನೂನಿನ ಜೊತೆಗೆ ತೆರಿಗೆ, ಸಾಮಾಜಿಕ ಭದ್ರತೆ, ಶಾಲಾ ಮಂಡಳಿಯ ಕೆಲಸ, ರಾಜಕೀಯ ಪಕ್ಷಗಳ ಸ್ವರೂಪ ಸೇರಿದ್ದವು. ಹಕ್ಕು, ಕರ್ತವ್ಯ ಎಂಬ ಎರಡು ಪ್ರತ್ಯೇಕ ಅಧ್ಯಾಯಗಳಿಗೆ ಇಲ್ಲಿ ಎಡೆಯಿರಲಿಲ್ಲ. ತೆರಿಗೆ ಕಟ್ಟುವವನಿಗೆ ಆ ಹಣದ ಶಾಲೆ ಯಾರ ಮಕ್ಕಳಿಗೆ ಸಿಗುತ್ತದೆಂದು ಕೇಳಲು ಬರಬೇಕು ಎಂಬ ಒಂದೇ ನೆಲೆಯಲ್ಲಿ ಎರಡೂ ಬೆಸೆದಿದ್ದವು.

ತರಗತಿಗಳಲ್ಲಿ ಹಾಡೂ ಇತ್ತು. ನೇಗಿಲಿನ ಹಿಡಿ ಬಿಡಬೇಡವೆನ್ನುವ ಹಳೆಯ ಆಧ್ಯಾತ್ಮಿಕ ಗೀತೆಯೊಂದು ಗುರಿಯ ಮೇಲೆ ಕಣ್ಣಿಡು ಎಂಬ ಹೊಸ ರೂಪ ತಳೆದು ಹಕ್ಕುಗಳ ಚಳವಳಿಯ ಹಾಡಾಯಿತು; ಆ ರೂಪಾಂತರದ ಕೀರ್ತಿ ಇದೇ ಆಲಿಸ್ ವೈನ್‌ಗೆ ಸಲ್ಲುತ್ತದೆ. ಕಾನೂನಿನ ಪಠ್ಯವನ್ನು ಕಿವಿಯಿಂದ ಗ್ರಹಿಸಿದವಳೇ ಹಾಡಿನ ಪಠ್ಯವನ್ನು ಬದಲಿಸಿದಳೆಂಬುದು ಆಕಸ್ಮಿಕವೆನಿಸದು. 1945-46ರಲ್ಲಿ ಚಾರ್ಲ್ಸ್‌ಟನ್‌ನ ತಂಬಾಕು ಕಾರ್ಖಾನೆಯ ಮುಷ್ಕರನಿರತ ಹೆಂಗಸರು ಹಾಡುತ್ತಿದ್ದ ‘ವಿ ಶಲ್ ಓವರ್‌ಕಮ್’ ಕೂಡ ಹೈಲ್ಯಾಂಡರ್‌ನ ಜಿಲ್ಫಿಯಾ ಹಾರ್ಟನ್, ಬಳಿಕ ಗೈ ಕ್ಯಾರವಾನ್ ಮೂಲಕ ದೇಶವ್ಯಾಪಿಯಾಯಿತು. ಅನುವಾದಗಳ ಮೂಲಕ ಅದು ಭಾರತಕ್ಕೂ ಬಂದು, ಕನ್ನಡದ ಚಳವಳಿಗಳ ಸಭೆಗಳಲ್ಲೂ ಕೇಳಿಬಂದದ್ದು ಸುಪರಿಚಿತ.

ಶಾಲೆಗಳು ವಾಡ್ಮಲಾ, ಎಡಿಸ್ಟೊ ದ್ವೀಪಗಳಿಗೆ ಹಬ್ಬಿದವು. ಟೆನ್ನೆಸ್ಸೀ ಸರಕಾರ 1961ರಲ್ಲಿ ಹೈಲ್ಯಾಂಡರ್‌ನ ಪರವಾನಗಿಯನ್ನೇ ಕಸಿದಾಗ, ಕಾರ್ಯಕ್ರಮವು ಮಾರ್ಟಿನ್ ಲೂಥರ್ ಕಿಂಗ್‌ರ ಸಂಘಟನೆಗೆ ವರ್ಗವಾಗಿ, ಜಾರ್ಜಿಯಾದ ಡಾರ್ಚೆಸ್ಟರ್ ಕೇಂದ್ರದಲ್ಲಿ ಶಿಕ್ಷಕರ ತರಬೇತಿ ಮುಂದುವರಿಯಿತು. ಮಿಸಿಸಿಪಿಯ ಫ್ಯಾನಿ ಲೂ ಹೇಮರ್ ಇಂಥ ಒಂದು ತರಬೇತಿ ಮುಗಿಸಿ ಊರಿಗೆ ಮರಳುವಾಗ, 1963ರ ಜೂನ್‌ನಲ್ಲಿ, ವಿನೋನಾ ಎಂಬಲ್ಲಿ ಬಂಧನಕ್ಕೊಳಗಾಗಿ ಸೆರೆಮನೆಯಲ್ಲಿ ಕ್ರೂರವಾಗಿ ಹೊಡೆಸಿಕೊಂಡಳು. ಸಂವಿಧಾನ ಓದಲು ಕಲಿತವರು ತೆತ್ತ ಬೆಲೆ ಇದು.

1965ರ ಆಗಸ್ಟ್ 6ರ ಮತದಾನ ಹಕ್ಕುಗಳ ಕಾಯಿದೆ ದಕ್ಷಿಣದ ಬಹುತೇಕ ರಾಜ್ಯಗಳಲ್ಲಿ ಅಕ್ಷರ ಪರೀಕ್ಷೆಯನ್ನು ಅಮಾನತಿನಲ್ಲಿರಿಸಿತು. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದ ರಾಜ್ಯ ದಕ್ಷಿಣ ಕೆರೊಲಿನಾವೇ. 1966ರಲ್ಲಿ ಅದು ಸೋತಿತು. ಪರೀಕ್ಷೆಗಳ ನಿಷೇಧ 1970ರಲ್ಲಿ ಇಡೀ ದೇಶಕ್ಕೆ ವಿಸ್ತರಿಸಿ, 1975ರಲ್ಲಿ ಶಾಶ್ವತವಾಯಿತು. ಆದರೆ ಮತದಾನದ ನಿಯಮ ಬದಲಿಸುವ ಮುನ್ನ ಒಕ್ಕೂಟದ ಅನುಮತಿ ಪಡೆಯಬೇಕಾದ ರಾಜ್ಯಗಳು ಯಾವುವೆಂದು ಗುರುತಿಸುತ್ತಿದ್ದ ಸೂತ್ರವನ್ನು 2013ರಲ್ಲಿ ಅದೇ ನ್ಯಾಯಾಲಯ ರದ್ದುಪಡಿಸಿತು. ಅರ್ಹತೆಯನ್ನು ನಿರ್ಣಯಿಸುವವರು ಯಾರೆಂಬ 1787ರ ಪ್ರಶ್ನೆ ಹೀಗೆ ಮತ್ತೆ ರಾಜ್ಯಗಳ ಅಂಗಳಕ್ಕೆ ಬಂದಿದೆ.

ಕ್ಲಾರ್ಕ್‌ಳ ಪಿಂಚಣಿಯನ್ನು ರಾಜ್ಯ ಮರಳಿ ಕೊಟ್ಟದ್ದು 1976ರಲ್ಲಿ, ವಜಾ ಮಾಡಿದ ಇಪ್ಪತ್ತು ವರ್ಷಗಳ ತರುವಾಯ. ಜೆಂಕಿನ್ಸ್ 1972ರಲ್ಲಿಯೇ ತೀರಿಕೊಂಡಿದ್ದ. ಅವನ 1966ರ ಫೋಕ್ಸ್‌ವ್ಯಾಗನ್ ಗಾಡಿಯ ಬಣ್ಣ ಬಳಿದ ತಗಡುಗಳನ್ನು ವಾಷಿಂಗ್ಟನ್‌ನ ಆಫ್ರಿಕನ್ ಅಮೆರಿಕನ್ ಚರಿತ್ರೆ ಮತ್ತು ಸಂಸ್ಕೃತಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಕಾಯ್ದಿರಿಸಲಾಗಿದೆ. ಆಲಿಸ್ ವೈನ್ ಸಂವಿಧಾನವನ್ನು ಕೇಳಿ ಕಲಿತದ್ದು ಅದಕ್ಕೂ ಹಿಂದಿನ ಬೇರೊಂದು ಬಸ್ಸಿನಲ್ಲಿ.