ಮಂಗಳದ ಮೇಲೆ ಯಂತ್ರದ ಕಣ್ಣು

1877ರಲ್ಲಿ ಇಟಲಿಯ ಖಗೋಳವಿಜ್ಞಾನಿ ಜಿಯೊವಾನಿ ಸ್ಕಿಯಾಪರೆಲ್ಲಿ ದೂರದರ್ಶಕದಲ್ಲಿ ಮಂಗಳ ಗ್ರಹವನ್ನು ನೋಡುತ್ತ ಅದರ ಮೇಲೆ ತೆಳುವಾದ ಗೆರೆಗಳನ್ನು ಗುರುತಿಸಿದರು. ಅವುಗಳನ್ನು ‘ಕನಾಲಿ’ ಎಂದು ಕರೆದರು. ಇಟಾಲಿಯನ್ ಭಾಷೆಯಲ್ಲಿ ಆ ಪದಕ್ಕೆ ನೈಸರ್ಗಿಕ ಕೊರಕಲು ಎಂಬ ಅರ್ಥವೂ ಇದೆ. ಇಂಗ್ಲಿಷಿಗೆ ಬರುವಷ್ಟರಲ್ಲಿ ಅದು ಕಾಲುವೆಯಾಯಿತು. ಕಾಲುವೆ ಇದ್ದ ಮೇಲೆ ಅದನ್ನು ತೋಡಿದವರೂ ಇರಬೇಕಲ್ಲವೇ? ಅಮೆರಿಕದ ಪರ್ಸಿವಲ್ ಲೋವೆಲ್ 1894ರಲ್ಲಿ ಅರಿಜೋನಾದ ಫ್ಲ್ಯಾಗ್‌ಸ್ಟಾಫ್‌ನಲ್ಲಿ ವೀಕ್ಷಣಾಲಯವನ್ನೇ ಕಟ್ಟಿ, ನೂರಾರು ಕಾಲುವೆಗಳ ನಕ್ಷೆ ತಯಾರಿಸಿದರು. ಈ ಗೆರೆಗಳಲ್ಲಿ ಬಹುಪಾಲು ಕಣ್ಣಿನ ಭ್ರಮೆ ಎಂದು ಮುಂದೆ ತಿಳಿಯಿತು. ಅಸ್ಪಷ್ಟವಾಗಿ ಕಾಣುವ ಚುಕ್ಕೆಗಳನ್ನು ನಮ್ಮ ಮಿದುಳು ತಾನೇ ಗೆರೆ ಎಳೆದು ಜೋಡಿಸಿಬಿಡುತ್ತದೆ.

ಹಾಗಾದರೆ ಕಣ್ಣಿನ ಕೆಲಸವನ್ನು ಯಂತ್ರಕ್ಕೆ ವಹಿಸಿದರೆ ತಪ್ಪು ತಪ್ಪುತ್ತದೆಯೇ? ಜೀವಿಗಳ ಹುಡುಕಾಟದ ಇತಿಹಾಸದಿಂದಲೇ ಇದಕ್ಕೆ ಉತ್ತರ ಪಡೆಯೋಣ.

ಚಿತ್ರ ಸಂಖ್ಯೆಯಾದಾಗ

1965ರ ಜುಲೈಯಲ್ಲಿ ಮ್ಯಾರಿನರ್-4 ನೌಕೆ ಮಂಗಳದ ಪಕ್ಕದಲ್ಲಿ ಹಾದುಹೋಗುತ್ತ ಸುಮಾರು 22 ಚಿತ್ರಗಳನ್ನು ತೆಗೆಯಿತು. ಒಂದೊಂದು ಚಿತ್ರದಲ್ಲಿ 200 × 200 ಬಿಂದುಗಳು. ಪ್ರತಿ ಬಿಂದುವಿನ ಬೆಳಕಿನ ಮಟ್ಟವನ್ನು ಸೂಚಿಸಲು 6 ಬಿಟ್‌ಗಳು. ನೀವೇ ಲೆಕ್ಕ ಮಾಡಿ: ಒಂದು ಚಿತ್ರಕ್ಕೆ 2,40,000 ಬಿಟ್. ಸೆಕೆಂಡಿಗೆ 8.33 ಬಿಟ್‌ಗಳಂತೆ ಕಳುಹಿಸಿದರೆ ಒಂದು ಚಿತ್ರ ಭೂಮಿಯನ್ನು ತಲುಪಲು ಬೇಕಾದ ಸಮಯ 8 ಗಂಟೆ! ಅಷ್ಟು ಹೊತ್ತು ಕಾಯಲಾರದ ಎಂಜಿನಿಯರುಗಳು ಬರುತ್ತಿದ್ದ ಸಂಖ್ಯೆಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿ, ಬಣ್ಣದ ಕಡ್ಡಿಗಳಿಂದ ತುಂಬಿದರು. ಚಿತ್ರಗಳಲ್ಲಿ ಕಾಲುವೆಗಳಿರಲಿಲ್ಲ. ಚಂದ್ರನಲ್ಲಿರುವಂತಹ ಕುಳಿಗಳಿದ್ದವು.

ಈ ಘಟನೆಯಲ್ಲಿ ಗಣಕ ದೃಷ್ಟಿಯ ಮೂಲತತ್ತ್ವವೇ ಅಡಗಿದೆ. ಗಣಕಕ್ಕೆ ಚಿತ್ರವೆಂದರೆ ಸಂಖ್ಯೆಗಳ ಕೋಷ್ಟಕ. ಆದ್ದರಿಂದ ಒಂದು ಚಿತ್ರದಿಂದ ಇನ್ನೊಂದನ್ನು ಕಳೆಯಬಹುದು. 1971ರ ನವೆಂಬರಿನಲ್ಲಿ ಮಂಗಳದ ಕಕ್ಷೆ ಸೇರಿದ ಮ್ಯಾರಿನರ್-9 ಕಳುಹಿಸಿದ ಚಿತ್ರಗಳಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಮಾಡಿದ್ದೂ ಇದನ್ನೇ. ಬೇರೆ ಬೇರೆ ದಿನಗಳ ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸಿ, ವ್ಯತ್ಯಾಸವನ್ನು ಮಾತ್ರ ಉಳಿಸಿಕೊಂಡರು. ಮಂಗಳದ ಕಪ್ಪು ಪ್ರದೇಶಗಳು ಋತುಮಾನಕ್ಕೆ ತಕ್ಕಂತೆ ಬದಲಾಗುವುದು ಸಸ್ಯಗಳಿಂದ ಎಂದು ಕೆಲವರು ನಂಬಿದ್ದ ಕಾಲವದು. ಕಾರ್ಲ್ ಸಗಾನ್, ಜೋಶುವಾ ಲೆಡರ್‌ಬರ್ಗ್ ಮೊದಲಾದವರಿದ್ದ ತಂಡ ಆ ಬದಲಾವಣೆಗೆ ಗಾಳಿ ಹೊತ್ತೊಯ್ಯುವ ಧೂಳೇ ಕಾರಣವೆಂದು ವಿವರಿಸಿತು.

ಯಂತ್ರಕ್ಕೂ ತಿದ್ದುಪಡಿ ಬೇಕು. 1976ರ ಜುಲೈ 20ರಂದು ಇಳಿದ ವೈಕಿಂಗ್-1ರ ಮೊದಲ ವರ್ಣಚಿತ್ರದಲ್ಲಿ ಮಂಗಳದ ಆಕಾಶ ನೀಲಿಯಾಗಿತ್ತು! ಬಣ್ಣಗಳನ್ನು ಸರಿಹೊಂದಿಸಿದ ಮೇಲೆ ಅದು ನಸುಗೆಂಪಾಯಿತು. ವೈಕಿಂಗ್‌ಗೆ ಮಣ್ಣು ಅಗೆಯುವ ಕೈ ಇತ್ತು, ನಡೆಯುವ ಕಾಲಿರಲಿಲ್ಲ. ಅದರ ಮೂರು ಜೈವಿಕ ಪ್ರಯೋಗಗಳಲ್ಲಿ ಒಂದು ಆಸೆ ಹುಟ್ಟಿಸಿದರೂ, ಜೀವಿ ಇದೆಯೆಂದು ಹೆಚ್ಚಿನ ವಿಜ್ಞಾನಿಗಳು ಒಪ್ಪಲಿಲ್ಲ.

ಕುರ್ಚಿಗಳ ನಡುವಿನ ಬಂಡಿ

ಪಕ್ಕದ ಬಂಡೆಯ ಬಳಿಗೆ ಹೋಗಲು ಯಂತ್ರ ನಡೆಯಬೇಕು. ಇಲ್ಲಿ ಅಡ್ಡಿಯಾಗುವುದು ಬೆಳಕಿನ ವೇಗ. ಮಂಗಳದ ದೂರ ಸುಮಾರು 5.5 ಕೋಟಿಯಿಂದ 40 ಕೋಟಿ ಕಿ.ಮೀ. ವರೆಗೆ ಬದಲಾಗುತ್ತದೆ. ರೇಡಿಯೋ ಸಂಕೇತ ಅಲ್ಲಿಗೆ ತಲುಪಲು 3ರಿಂದ 22 ನಿಮಿಷ ಬೇಕು. ‘ಹಳ್ಳವಿದೆ, ನಿಲ್ಲು’ ಎಂಬ ಆಜ್ಞೆ ಮುಟ್ಟುವ ಹೊತ್ತಿಗೆ ಬಂಡಿ ಹಳ್ಳದಲ್ಲಿರುತ್ತದೆ!

ಸ್ಟ್ಯಾನ್‌ಫರ್ಡ್‌ನಲ್ಲಿಯೇ 1960ರ ದಶಕದ ಆರಂಭದಲ್ಲಿ, ಚಂದ್ರನ ಮೇಲಿನ ವಾಹನವನ್ನು ಭೂಮಿಯಿಂದ ನಡೆಸಬಹುದೇ ಎಂದು ಪರೀಕ್ಷಿಸಲು ಒಂದು ಪುಟ್ಟ ಬಂಡಿಯನ್ನು ನಿರ್ಮಿಸಿದ್ದರು. ಚಂದ್ರನಿಗೆ ಹೋಗಿಬರುವ ಸಂಕೇತದ ವಿಳಂಬ ಸುಮಾರು 2.6 ಸೆಕೆಂಡು ಮಾತ್ರ. ಅಷ್ಟಕ್ಕೇ ಚಾಲನೆ ಕಷ್ಟವಾಗುತ್ತಿತ್ತು. ಮುಂದೆ ಇದೇ ಬಂಡಿಗೆ ಹ್ಯಾನ್ಸ್ ಮೊರಾವೆಕ್ ತಾನಾಗಿ ನಡೆಯುವುದನ್ನು ಕಲಿಸಿದರು. ಕ್ಯಾಮೆರಾ ಒಂದು ಹಳಿಯ ಮೇಲೆ ಜರುಗುತ್ತ 9 ಚಿತ್ರ ತೆಗೆಯುತ್ತಿತ್ತು. ಎದ್ದುಕಾಣುವ ಮೂಲೆಗಳನ್ನು ಗಣಕ ಆರಿಸಿ, ಚಿತ್ರದಿಂದ ಚಿತ್ರಕ್ಕೆ ಅವು ಸರಿದ ಪ್ರಮಾಣದಿಂದ ದೂರವನ್ನು ಲೆಕ್ಕಹಾಕುತ್ತಿತ್ತು. ಒಂದು ಮೀಟರ್ ನಡೆದ ಮೇಲೆ 10-15 ನಿಮಿಷ ಚಿಂತನೆ! 1979ರಲ್ಲಿ ಕುರ್ಚಿಗಳಿದ್ದ ಕೋಣೆಯನ್ನು ದಾಟಲು ಅದಕ್ಕೆ ಸುಮಾರು 5 ಗಂಟೆ ಹಿಡಿಯಿತು.

ನಗಬೇಡಿ. 2004ರಲ್ಲಿ ಮಂಗಳಕ್ಕಿಳಿದ ಸ್ಪಿರಿಟ್ ಮತ್ತು ಆಪರ್ಚ್ಯುನಿಟಿ ಬಂಡಿಗಳ ಚಕ್ರಗಳು ಮರಳಿನ ಇಳಿಜಾರಿನಲ್ಲಿ ಜಾರುತ್ತಿದ್ದಾಗ, ಎಷ್ಟು ದೂರ ಬಂದೆವೆಂದು ಅವು ತಿಳಿದದ್ದು ಚಕ್ರದ ಸುತ್ತುಗಳಿಂದಲ್ಲ. ಹೆಜ್ಜೆಗೆ ಮುನ್ನ ಮತ್ತು ಅನಂತರದ ಚಿತ್ರಗಳ ಹೋಲಿಕೆಯಿಂದ. ಆ ವಿಧಾನದ ಬೇರು ಮೊರಾವೆಕ್‌ರ ಬಂಡಿಯಲ್ಲಿದೆ.

ಆಯ್ಕೆ ಯಾರದು?

ನಡೆದದ್ದಾಯಿತು, ಮುಂದಿನದು ಆಯ್ಕೆ. ‘ಏಜಿಸ್’ ಎಂಬ ತಂತ್ರಾಂಶ 2010ರಲ್ಲಿ ಆಪರ್ಚ್ಯುನಿಟಿಯಲ್ಲಿ, 2016ರಿಂದ ಕ್ಯೂರಿಯಾಸಿಟಿಯಲ್ಲಿ ಕೆಲಸ ಮಾಡಿತು. ಇದು ಚಿತ್ರದಲ್ಲಿ ಅಂಚುಗಳನ್ನು ಹುಡುಕಿ ಬಂಡೆಗಳನ್ನು ಬೇರ್ಪಡಿಸುತ್ತದೆ. ವಿಜ್ಞಾನಿಗಳು ಮೊದಲೇ ತಿಳಿಸಿದ ಗಾತ್ರ, ಹೊಳಪು, ಆಕಾರಗಳಿಗೆ ಹೊಂದುವುದನ್ನು ಆರಿಸಿ ಲೇಸರನ್ನು ಗುರಿಯಿಡುತ್ತದೆ. ಕುರುಡಾಗಿ ಗುರಿಯಿಟ್ಟರೆ ಬೇಕಾದ ಶಿಲೆ ಸಿಗುವ ನಿರೀಕ್ಷೆ ಶೇ. 24. ಏಜಿಸ್‌ಗೆ ಅದು ಶೇ. 93.

2024ರ ಜುಲೈಯಲ್ಲಿ ಪರ್ಸಿವಿಯರೆನ್ಸ್ ಬಂಡಿ, ಜೆಜೆರೊ ಕುಳಿಗೆ ನೀರು ತಂದ ಪ್ರಾಚೀನ ನದೀಪಾತ್ರದಲ್ಲಿ ‘ಚೆಯಾವಾ ಫಾಲ್ಸ್’ ಎಂದು ಹೆಸರಿಸಲಾದ ಶಿಲೆಯನ್ನು ಪರೀಕ್ಷಿಸಿತು. ಅದರ ಮೇಲೆ ಚಿರತೆಯ ಮೈಯಂತಹ ಚುಕ್ಕೆಗಳು. ಚುಕ್ಕೆಗಳಲ್ಲಿ ಕಬ್ಬಿಣದ ಫಾಸ್ಫೇಟ್ ಮತ್ತು ಸಲ್ಫೈಡ್ ಖನಿಜಗಳ ಸುಳಿವು. ಭೂಮಿಯಲ್ಲಿ ಇಂಥವು ಸೂಕ್ಷ್ಮಜೀವಿಗಳಿಂದ ಉಂಟಾಗಬಹುದು. ಜೀವಿಗಳಿಲ್ಲದ ರಾಸಾಯನಿಕ ಕ್ರಿಯೆಯಿಂದಲೂ ಉಂಟಾಗಬಹುದು. ಆದುದರಿಂದಲೇ 2025ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಪ್ರಬಂಧ ‘ಜೀವಿಯ ಸಂಭಾವ್ಯ ಗುರುತು’ ಎಂದಷ್ಟೇ ಹೇಳಿತು. ಲೋವೆಲ್‌ರ ನಕ್ಷೆಗಳಿಂದ ವಿಜ್ಞಾನ ಕಲಿತ ಪಾಠವಿದು.

ಆದರೆ ಇನ್ನೊಂದು ಪಾಠ ಬಾಕಿ ಇದೆ. ಲೋವೆಲ್‌ರ ಕಣ್ಣು ಇಲ್ಲದ್ದನ್ನು ಕಂಡಿತು. ನಾವು ಕಲಿಸಿದ್ದನ್ನು ಮಾತ್ರ ಹುಡುಕುವ ಯಂತ್ರ, ಇರುವುದನ್ನೇ ಕಾಣದೆ ಮುಂದೆ ಸಾಗಬಹುದು. ಅಲ್ಲಿನ ಜೀವಿ ನಮ್ಮ ಕಲ್ಪನೆಗೆ ಬಾರದ ಗುರುತನ್ನು ಬಿಟ್ಟಿದ್ದರೆ? ಈ ತಪ್ಪು ಯಂತ್ರದ್ದಲ್ಲ, ಪಟ್ಟಿ ಬರೆದುಕೊಟ್ಟ ನಮ್ಮದು.

ಶಿಕ್ಷಕರು ಇದನ್ನು ತರಗತಿಯಲ್ಲೇ ತೋರಿಸಬಹುದು. ಆಟದ ಮೈದಾನದಿಂದ 50 ಕಲ್ಲುಗಳನ್ನು ತರಿಸಿ. ‘ವಿಶೇಷ ಕಲ್ಲು’ ಆರಿಸಲು ಮೂರೇ ನಿಯಮಗಳನ್ನು ಮಕ್ಕಳಿಂದ ಬರೆಯಿಸಿ. ಕಲ್ಲುಗಳನ್ನು ನೋಡಿರದ ಇನ್ನೊಂದು ಗುಂಪು ಆ ನಿಯಮಗಳಂತೆಯೇ ಆರಿಸಲಿ. ಬಳಿಕ ಬಿಟ್ಟುಹೋದ ರಾಶಿಯನ್ನು ಎಲ್ಲರೂ ಸೇರಿ ಇನ್ನೊಮ್ಮೆ ನೋಡಿ.