ಗೆರೆಗೂ ಬೇಕು ಒಂದು ಸ್ವಂತ ಮನೆ

ಟರ್ಮಿನಲ್ ಕಿಟಕಿಯಲ್ಲಿ ಚೌಕಟ್ಟಿನ ಗೆರೆ ಇರಬೇಕಾದಲ್ಲಿ ಸಾಲಾಗಿ ‘ಕ್ಯೂ’, ‘ಎಕ್ಸ್’ ಅಕ್ಷರಗಳು ಕಂಡಿವೆಯೇ? ಡಿಜಿಟಲ್ ಕಂಪನಿಯ 1978ರ ವಿಟಿ100ರಲ್ಲಿ ಗೆರೆಗಳು ಸಣ್ಣ ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗಿದ್ದವು. ‘ಗೆರೆ ಎಳೆ’ ಎಂಬ ಸಂಕೇತ ಬಂದರೆ ಕ್ಯೂ ಅಡ್ಡಗೆರೆ, ಎಕ್ಸ್ ಉದ್ದಗೆರೆ. ಸಂಕೇತ ತಪ್ಪಿದರೆ ಬರೀ ಅಕ್ಷರ.

ನಮ್ಮ ಹಳೆಯ ಕನ್ನಡ ಫಾಂಟುಗಳ ಪಾಡೂ ಇದೇ. ಅಪ್ಪ ಊರಿಂದ ಟೈಪಿಸಿ ಕಳಿಸಿದ ಪತ್ರ, ಫಾಂಟಿಲ್ಲದ ನನ್ನ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಕಲಸುಮೇಲೋಗರವಾಗಿತ್ತು.

ಯೂನಿಕೋಡ್ ಬಂದು ಗೆರೆಗಳಿಗೂ ಕನ್ನಡಕ್ಕೂ ತಲಾ 128 ಸ್ವಂತ ಜಾಗ ಕೊಟ್ಟಿತು. ಟರ್ಮಿನಲ್, ಲೊಕೇಲ್ ಎರಡನ್ನೂ ಯುಟಿಎಫ್-8ಕ್ಕೆ ಹೊಂದಿಸಿ. ಹೆಚ್ಚಿನ ಸಲ ಗೆರೆಗಳು ಮರಳುತ್ತವೆ. ಹಾಗೆಯೇ ಹಳೆಯ ಪತ್ರಗಳನ್ನೂ ಯೂನಿಕೋಡಿಗೆ ಪರಿವರ್ತಿಸಿಡಿ. ಅಪ್ಪನ ಪತ್ರವನ್ನು ನಾನು ಉಳಿಸಿಕೊಂಡದ್ದು ಹಾಗೆಯೇ.